ಕಿಟಕಿಯ ಕೆಳಗಿನ ಬದನೆ ಸಸಿ

ಹೊರಗೆ ಬಿತ್ತಿದರೆ ಮೊಳಕೆ ಸುಟ್ಟುಹೋಗುವಂಥ ಬಿಸಿಲು. ಅದಕ್ಕೇ ಹೆಂಡತಿ ನಡುಮನೆಯ ಕಿಟಕಿಯ ಕೆಳಗೆ ತೆಂಗಿನ ಚಿಪ್ಪುಗಳಲ್ಲಿ ಬದನೆ ಬೀಜ ಹಾಕಿದ್ದಳು. ಬೇಸಿಗೆಯುದ್ದಕ್ಕೂ ಅವಕ್ಕೆ ನೀರು ಹೊತ್ತವನು ಗಂಡ. ಮಳೆ ಹಿಡಿದ ಮೇಲೆ ಹಿತ್ತಲಲ್ಲಿ ನೆಟ್ಟು, ದಸರೆಯ ಹೊತ್ತಿಗೆ ಎಣ್ಣೆಗಾಯಿ ತಿನ್ನಬೇಕೆಂಬ ಆಸೆ ಅವನದು.

ಆ ಮಧ್ಯಾಹ್ನ ಅಡುಗೆಮನೆಯ ಬಾಗಿಲ ಸಂದಿಯಿಂದ ನಡುಮನೆಯನ್ನು ನೋಡಿ ಅವನು ದಂಗಾದ. ಪಕ್ಕದ ಮನೆಯ ಹೊಂಬಾಳಮ್ಮ ಮೆಲ್ಲಗೆ ಒಳಗೆ ಬಂದು, ಸಸಿಯ ಚಿಪ್ಪುಗಳನ್ನು ಒಂದೊಂದಾಗಿ ಮೊರದಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಹೆಂಡತಿ ಅವನ ತೋಳು ಹಿಡಿದು ಜಗ್ಗಿದಳು. "ಸುಮ್ಕಿರಿ, ಉಸಿರೆತ್ತಬ್ಯಾಡಿ."

"ಹಾಡುಹಗಲೇ ಕದೀತಾವ್ಳೆ ಕಣೇ! ಕೇಳಿದ್ರೆ ನಾವು ಕೊಡ್ತಿರಲಿಲ್ವಾ?"

"ಕೇಳಿ ಇಸ್ಕಂಡ ಸಸಿ ಬೇರು ಬಿಡಲ್ಲ. ಕದ್ದು ನೆಟ್ರೇ ಹುಲುಸಾಗಿ ಬರೋದು. ನಿಮಗೊತ್ತಿಲ್ವಾ?"

"ಅದಕ್ಕೆ ನಾನು ನೀರು ಹೊತ್ತಿದ್ದು ಅವಳ ಎಣ್ಣೆಗಾಯಿಗಾ? ನೋಡು, ದಪ್ಪ ಕಡ್ಡಿಯವನ್ನೇ ಆರಿಸ್ತಾವ್ಳೆ! ಬಿಡು ಕೈಯ!"

ಹೆಂಡತಿ ಬಿಡಲಿಲ್ಲ. ಹೊಂಬಾಳಮ್ಮ ಅರ್ಧದಷ್ಟು ಚಿಪ್ಪುಗಳನ್ನು ಮೊರದಲ್ಲಿಟ್ಟುಕೊಂಡು, ಬೆಕ್ಕು ನುಗ್ಗದಂತೆ ಬಾಗಿಲನ್ನೂ ಮುಂದಕ್ಕೆ ಎಳೆದುಕೊಂಡು ಹೋದಳು.

ಗಂಡ ಅಲ್ಲೇ ಕುಕ್ಕರಿಸಿದ. "ಅವಳ ಮನೆ ಒಳಗೆ ಮೆಣಸಿನ ಸಸಿ ಸೊಂಪಾಗಿ ಬಂದವೆ. ಒಂದು ಕಡ್ಡಿನಾದ್ರೂ ಕೊಟ್ಟವ್ಳಾ ನಮಗೆ?"

"ಇಲ್ಲ" ಎನ್ನುತ್ತಾ ಹೆಂಡತಿ ಮೂಲೆಯಲ್ಲಿದ್ದ ಬುಟ್ಟಿಯನ್ನು ಎತ್ತಿಕೊಂಡಳು.

"ನೀನೆಲ್ಲಿಗೆ ಹೊರಟೆ?"

"ಹೊಂಬಾಳಕ್ಕನ ಮನೆಗೆ. ಬಾಗಿಲು ತೆಗೆದಿಟ್ಟು ಅಡುಗೆಮನೇಲಿ ಅವಿತ್ಕಂಡಿರ್ತೀನಿ, ಬೇಗ ಬಂದು ಕದ್ಕಂಡು ಹೋಗು ಅಂದವ್ಳೆ."