ಚಂದಾ ಬಂದ ಹೊತ್ತು

ಮಗಳು ಇಂಚರಳ ಜಡೆ ಅರ್ಧ ಹೆಣೆದಿರುವಾಗಲೇ ಒಳಕೋಣೆಯ ಕಂಪ್ಯೂಟರ್ ಕೂಗಿತು. ನಳಿನಾಕ್ಷಿಯ ಗೇಮ್ ವಿಮರ್ಶೆಯ ಜಾಲತಾಣಕ್ಕೆ ಸದಸ್ಯರ ಚಂದಾ ಬಂದಿತ್ತು. ಈಗೀಗ ಯಾರೂ ಹಣ ಕೊಡುವುದಿಲ್ಲ. ತಿಂಗಳಿಗೊಮ್ಮೆ ತಮ್ಮ ಆಯುಷ್ಯದ ಒಂದು ಗಂಟೆ ಕೊಡುತ್ತಾರೆ. ಕಂಪನಿಗಳ ಹಂಗಿಲ್ಲದೆ ಆಟಗಳನ್ನು ಕೊನೆಯವರೆಗೂ ಆಡಿ, ಇದ್ದದ್ದನ್ನು ಇದ್ದಂತೆ ಬರೆಯಲು ಆ ಹೊತ್ತೇ ಬಂಡವಾಳ. ಬಂದ ಹೊತ್ತನ್ನು ಆಗಲೇ ಕೂತು ಬದುಕಿ ಮುಗಿಸಬೇಕು; ಹೊರಗೆ ಗಳಿಗೆಯೂ ಸರಿಯುವುದಿಲ್ಲ, ಮೈಗೆ ಮಾತ್ರ ಅಷ್ಟೂ ವಯಸ್ಸಾಗುತ್ತದೆ.

"ಅಲ್ಲಾಡಬೇಡ ಪುಟ್ಟಿ, ಬಂದೆ" ಎಂದು ಅವಳು ಬಾಗಿಲು ಹಾಕಿಕೊಂಡಳು. ಒಳಗೆ ಒಂದಿಡೀ ಮಳೆಗಾಲದಷ್ಟು ಕಾಲ ಆಡಿದಳು, ಬರೆದಳು, ಮಗಳನ್ನು ನೆನೆದು ಅತ್ತಳು. ಹೊರಬಂದಾಗ ಒಲೆಯ ಮೇಲಿನ ಹಾಲು ಇನ್ನೂ ಉಕ್ಕಿರಲಿಲ್ಲ.

ಹಾಲು ಕಾಯುತ್ತಿದ್ದ ಅವಳ ತಾಯಿ ಗೌರಮ್ಮ ನಕ್ಕರು. "ಬಾರೇ ಮುದುಕಿ! ಹೆತ್ತವಳ ಕೂದಲೇ ಇನ್ನೂ ಕಪ್ಪಗಿದೆ, ನಿಂದು ನೋಡು, ಹತ್ತಿ ಬಿಡಿಸಿದ ಹಾಗಿದೆ."

"ಹೊಸ ಸದಸ್ಯರು ಸಾವಿರ ಜನ ಸೇರ್ತಾರಂತೆ ಕಣಮ್ಮ" ಎಂದಳು ನಳಿನಾಕ್ಷಿ ಹೆಮ್ಮೆಯಿಂದ.

ಗೌರಮ್ಮನ ನಗು ಅಲ್ಲಿಗೇ ನಿಂತಿತು. ಇಂಚರ ಅಮ್ಮನ ಸುಕ್ಕುಗಟ್ಟಿದ ಕೈಯನ್ನು ಮೆಲ್ಲಗೆ ಸವರಿದಳು. ಎಷ್ಟೋ ದಿನದಿಂದ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಅಮ್ಮ, ನಾನು ಹೈಸ್ಕೂಲಿಗೆ ಹೋಗೋವಾಗ ನೀನು ಇರ್ತೀಯಾ?"