ಹುಟ್ಟಿದಾಗಿಂದ ಆಯಿ

ಫಿನಾಯಿಲಿನ ವಾಸನೆ ಬಂದರೆ ಈಗಲೂ ಬೆಳಗಾವಿಯ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಜ್ವರದಿಂದ ಮೈ ಸುಡುತ್ತಿದ್ದ ನನ್ನನ್ನು ನಮ್ಮಜ್ಜಿ ಖಾನಾಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಕರೆತಂದಿದ್ದಳು. ಅವಳ ಒರಟು ಇಳಕಲ್ ಸೀರೆ ನನ್ನ ಬೆವರಿಗೆ ಒದ್ದೆಯಾಗಿತ್ತು.

"ಕೂಸಿನ ಬಾಜೂಕ ತಾಯಿ ಅಷ್ಟ ಇರಬೇಕ್ರಿ. ನೀವು ಹೊರಗ ಕುಂದರ್ರಿ," ಎಂದಳು ನರ್ಸ್.

ಅಜ್ಜಿ ನಿಧಾನವಾಗಿ ಎದ್ದಳು. ನಾನು ಸೆರಗು ಹಿಡಿದು, "ಆಯಿ, ಹೋಗಬ್ಯಾಡ," ಎಂದು ಅತ್ತೆ. ನಮ್ಮ ಮನೆಯಲ್ಲಿ ಆಯಿ ಎಂದರೆ ಅಜ್ಜಿ. ಮನೆಯಲ್ಲಿ ಮರಾಠಿ ಆಡುವ ಆ ನರ್ಸಿಗೆ ಆಯಿ ಎಂದರೆ ತಾಯಿ.

ಅವಳು ಅಜ್ಜಿಯ ಬಿಳಿಗೂದಲು ನೋಡಿದಳು. "ನೀವ ಏನ್ರಿ ಆಯಿ?"

"ಹೌದ್ರಿ ಅಕ್ಕಾರ. ಈ ಕೂಸು ಹುಟ್ಟಿದಾಗಿಂದ ನಾನ ಆಯಿ."

ನರ್ಸ್ ನನ್ನ ಮಂಚದ ಪಕ್ಕ ಒಂದು ಸ್ಟೂಲ್ ತಂದಿಟ್ಟಳು. ಅಜ್ಜಿ ಅದರ ಮೇಲೆ ಕುಳಿತು, ನನ್ನ ಕಾಲ ಬಳಿ ತಲೆಯಿಟ್ಟು, ಚಪ್ಪಲಿಯನ್ನೂ ಬಿಡದೆ ನಿದ್ದೆಹೋದಳು.