ಕಣಜ ಕಚ್ಚಿದವರ ಪ್ರಶ್ನೆಪಟ್ಟಿ

“ಸುಳ್ಳು ಹೇಳಿದರೆ ಗುಳಿಗೆ ನಾಟೋದಿಲ್ಲ,” ಎಂದರು ಹೋಮಿಯೋಪತಿ ಡಾಕ್ಟರು, ಪೆನ್ನಿನ ಮುಚ್ಚಳ ತೆಗೆಯುತ್ತ. ಎದುರಿಗೆ ಕುಳಿತಿದ್ದ ಕನ್ನಡಕದಂಗಡಿಯ ಯುವಕ ಬೆವರಿದ. ಅವನ ಬಲಗೈ ಬನ್ನಿನ ಹಾಗೆ ಊದಿಕೊಂಡಿತ್ತು.

ಕಣಜ ಕಚ್ಚಿದ್ದಂತೂ ನಿಜ. ಆದರೆ ಅದು ತಾನಾಗಿ ಬಂದು ಕಚ್ಚಿದ್ದಲ್ಲ. ಅಂಗಡಿಯ ಹಿಂಗೋಡೆಯ ಸಂದಿಯಲ್ಲಿದ್ದ ಗೂಡಿಗೆ ಇವನೇ ಹೋಗಿ ಕೈ ಹಾಕಿದ್ದ. ಹಾಗೆ ಮಾಡಲು ಹೇಳಿಕೊಟ್ಟವಳು ಈ ಡಾಕ್ಟರ ಮಗಳೇ.

ಮೂರು ತಿಂಗಳ ಹಿಂದೆ ಅವಳು ಅಪ್ಪನ ಕನ್ನಡಕದ ಮುರಿದ ಕಡ್ಡಿ ಹಿಡಿದುಕೊಂಡು ಅಂಗಡಿಗೆ ಬಂದಿದ್ದಳು. ಕಡ್ಡಿ ಸರಿಹೋಯಿತು, ಇವನ ನಿದ್ದೆ ಕೆಟ್ಟಿತು. ಧೈರ್ಯ ಮಾಡಿ ಮದುವೆಯ ಮಾತೆತ್ತಿದಾಗ ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

“ಹೆಣ್ಣು ಕೇಳೋಕೆ ಬಂದವರನ್ನ ಅಪ್ಪ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ,” ಎಂದಿದ್ದಳು. “ರೋಗಿ ಬಂದ್ರೆ ಮಾತ್ರ ಒಂದು ಗಂಟೆ ಕೂರಿಸ್ಕೋತಾರೆ. ಕಣಜ ಕಚ್ಚಿಸ್ಕೊಂಡು ಬನ್ನಿ. ಕೇಳಿದ್ದಕ್ಕೆಲ್ಲ ನಿಜ ಹೇಳಿ. ನನ್ನ ಹೆಸರು ಎತ್ತಬೇಡಿ.”

ಡಾಕ್ಟರ ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಬೇರೆಯವರು ಊತ ನೋಡಿ ಔಷಧಿ ಕೊಟ್ಟರೆ ಇವರು ಊದಿಸಿಕೊಂಡವನನ್ನು ನೋಡಿ ಕೊಡುತ್ತಿದ್ದರು. ಕೊಡಬೇಕಾದ ಗುಳಿಗೆ ಏಪಿಸೋ ಲೀಡಮ್ಮೋ ಎಂದು ತೀರ್ಮಾನಿಸುವ ಮೊದಲು ರೋಗಿಯ ಜನ್ಮ ಜಾಲಾಡುತ್ತಿದ್ದರು. ಪ್ರಶ್ನೆ ಮುಗಿಯುವಷ್ಟರಲ್ಲಿ ಊತಕ್ಕೇ ಬೇಜಾರಾಗಿ ಇಳಿದುಹೋಗಿರುತ್ತದೆಂದು ಆಗದವರು ಆಡಿಕೊಳ್ಳುತ್ತಿದ್ದರು.

ಟೈಪು ಮಾಡಿದ ಪಟ್ಟಿಯ ಮೇಲೆ ಬೆರಳಿಟ್ಟು ಡಾಕ್ಟರು ಶುರುಮಾಡಿದರು. ತಣ್ಣೀರು ಹಾಕಿದರೆ ಉರಿ ಇಳಿಯುತ್ತದೋ, ಏರುತ್ತದೋ? ಬಾಯಾರಿಕೆ ಇದೆಯೋ? ಇಲ್ಲಿಯವರೆಗೆ ಸಲೀಸು. ಆಮೇಲೆ ಪ್ರಶ್ನೆಗಳು ಕೈ ಬಿಟ್ಟು ಮನಸ್ಸಿಗೆ ಇಳಿದವು. ಕೋಪ ಬಂದರೆ ಕೂಗಾಡುವುದೋ, ಮಾತು ಬಿಡುವುದೋ? ತಪ್ಪು ಒಪ್ಪಿಕೊಳ್ಳಲು ಎಷ್ಟು ದಿನ ಬೇಕು? ಊಟ ಮಾಡಿದ ತಟ್ಟೆ ತೊಳೆಯುವವರು ಯಾರು? ಗೊರಕೆ ಉಂಟೋ?

ಯುವಕ ಎಲ್ಲಕ್ಕೂ ನಿಜವನ್ನೇ ಹೇಳಿದ. ಗೊರಕೆಯನ್ನು ಒಪ್ಪಿಕೊಳ್ಳುವಾಗ ಮಾತ್ರ ನಾಲಿಗೆ ತಡವರಿಸಿತು. ಮಾವನಾಗಬೇಕಾದವರ ಎದುರು ಹೀಗೆ ಮಾನ ಕಳೆದುಕೊಂಡವನು ತಾನೊಬ್ಬನೇ ಇರಬೇಕೆಂದು ಸಂಕಟಪಟ್ಟ. ಡಾಕ್ಟರು ಒಂದಕ್ಷರವೂ ಬಿಡದೆ ಬರೆದುಕೊಂಡರು.

ಕೊನೆಯ ಪ್ರಶ್ನೆ, ಕಣಜ ಕಚ್ಚಿದ್ದು ಹೇಗೆ?

ದಾರಿಯಲ್ಲಿ ಹೋಗುವಾಗ ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನಿಗೆ ಹಾಗೆನ್ನಲು ಬಾಯಿ ಬರಲಿಲ್ಲ.

“ನಾನೇ ಗೂಡಿಗೆ ಕೈ ಹಾಕಿದೆ, ಡಾಕ್ಟ್ರೇ.”

“ಯಾಕೆ?”

“ಒಬ್ಬಳಿಗೋಸ್ಕರ.”

ಡಾಕ್ಟರ ಪೆನ್ನು ನಿಂತಿತು. ಕೆಟ್ಟೆ ಎಂದುಕೊಂಡ ಯುವಕ. ಡಾಕ್ಟರು ಅವನನ್ನು ಕನ್ನಡಕದ ಮೇಲಿನಿಂದ ನೋಡಿದರು, ತಲೆದೂಗಿದರು, ಅದನ್ನೂ ಬರೆದುಕೊಂಡರು. ಆಮೇಲೆ ಗಂಟೆ ಒತ್ತಿದರು. ಮಗಳು ಪಕ್ಕದ ಔಷಧಿ ಕೋಣೆಯಿಂದ ಬಂದು, ಯಾರೋ ಏನೋ ಎಂಬಂತೆ ಯುವಕನತ್ತ ಒಮ್ಮೆ ನೋಡಿ, ಬರೆದ ಕಾಗದ ತೆಗೆದುಕೊಂಡು ಹೋದಳು.

ಅವನ ಎದೆ ಹಗುರಾಯಿತು. ಪರೀಕ್ಷೆ ಮುಗಿದಿತ್ತು, ಹುಡುಗಿಯ ತಂದೆಗೆ ತಾನು ಹಿಡಿಸಿದಂತೆಯೂ ಕಾಣುತ್ತಿತ್ತು.

ಡಾಕ್ಟರಿಗೂ ಲಹರಿ ಬಂದಿತ್ತು. ವೈದ್ಯಪತ್ರಿಕೆಗೆ ಒಂದು ಲೇಖನ ಬರೆಯುತ್ತಿರುವುದಾಗಿ ಹೇಳಿದರು. ಕಣಜದ ಕೇಸುಗಳಿಗೆಂದೇ ಮಗಳು ಹೊಸ ಪ್ರಶ್ನೆಪಟ್ಟಿ ಮಾಡಿಕೊಟ್ಟಿದ್ದಳಂತೆ. ಗೊರಕೆಗೂ ಕಣಜಕ್ಕೂ ಏನು ಸಂಬಂಧವೋ ಅವರಿಗಿನ್ನೂ ಹೊಳೆದಿರಲಿಲ್ಲ. ಆದರೆ ಅದನ್ನು ಬಿಡಕೂಡದೆಂದು ಅವಳ ಹಟವಂತೆ.

“ಇನ್ನೊಂದು ವಿಚಿತ್ರ ಇದೆ,” ಎಂದು ದನಿ ತಗ್ಗಿಸಿದರು. “ಈ ತಿಂಗಳು ನೀವು ಐದನೆಯವರು. ಹೆಂಗಸರನ್ನ ಕಚ್ಚಿಲ್ಲ, ಮಕ್ಕಳನ್ನ ಕಚ್ಚಿಲ್ಲ, ಮುದುಕರನ್ನ ಕಚ್ಚಿಲ್ಲ. ಐದೂ ಜನ ಮೂವತ್ತರ ಒಳಗಿನ ಗಂಡಸರು. ಒಬ್ಬರಿಗೂ ಮದುವೆ ಆಗಿಲ್ಲ. ಕಣಜಕ್ಕೆ ಅದು ಹೇಗೆ ಗೊತ್ತಾಗುತ್ತೆ ಅಂತೀನಿ?”

ಯುವಕನಿಗೆ ಕೈಯ ಉರಿ ಮರೆತೇಹೋಯಿತು. ಡಾಕ್ಟರು ಬರೆದುಕೊಟ್ಟ ಔಷಧಿ ಚೀಟಿ ಹಿಡಿದುಕೊಂಡು ಹೇಗೋ ಹೊರಗೆ ಬಂದ.

ಹೊರಗಿನ ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಇನ್ನೊಬ್ಬ ಯುವಕ ಕೆನ್ನೆ ಊದಿಸಿಕೊಂಡು ಕುಳಿತಿದ್ದ. ಔಷಧಿ ಕಿಟಕಿಯ ಹಿಂದೆ ಡಾಕ್ಟರ ಮಗಳು ಕನ್ನಡಕದಂಗಡಿಯವನ ಕಾಗದವನ್ನು ಓದುತ್ತಿದ್ದಳು. ನಡುವೆ ಒಂದು ಕಡೆ ಮುಖ ಹಿಂಡಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಕಾಗದ ಮಡಿಸಿ ತನ್ನ ಕೈಚೀಲದೊಳಗೆ ಇಟ್ಟುಕೊಂಡಳು. ಆಮೇಲೆ ಬೆಂಚಿನತ್ತ ತಿರುಗಿದಳು.

“ನೀವಿನ್ನು ಕಾಯೋದು ಬೇಡ,” ಎಂದಳು ಆರನೆಯವನಿಗೆ. “ಮನೆಗೆ ಹೋಗಿ ಐಸ್ ಇಟ್ಕೊಳ್ಳಿ.”